ಪರದೇಶದ ಪ್ರಾರ್ಥನೆ, ಕುರುಗೋಡಿನ ವಿಭೂತಿ

ಮೊಣಕಾಲು ತೋರಿಸಿಕೊಳ್ಳಲು ಕುರುಗೋಡಿನಿಂದ ಬಳ್ಳಾರಿಯ ನಮ್ಮ ಮನೆಗೆ ಬಂದ ಅಜ್ಜಿ, ತಿಂಗಳೊಳಗೆ ಕೆನಡಾದ ಒಂದು ಕುಟುಂಬದ ಸಮಸ್ತ ಜವಾಬ್ದಾರಿ ಹೊತ್ತುಕೊಂಡಳು. ಅದು ನಾನು ನೋಡುತ್ತಿದ್ದ ಇಂಗ್ಲಿಷ್ ಧಾರಾವಾಹಿ. ಕೇರಳದಿಂದ ಹೋಗಿ ನೆಲೆಸಿದ ಕ್ರೈಸ್ತ ಅಪ್ಪ, ಅಮ್ಮ. ಚರ್ಚ್ ಎಂದರೆ ಕಿವಿಗೆ ಹೆಡ್‌ಫೋನ್ ಏರಿಸುವ ಮಗಳು. ಅಜ್ಜಿಗೆ ಕನ್ನಡ, ತೆಲುಗು ಬಿಟ್ಟರೆ ಬೇರೆ ಬಾರದು. ಅನುವಾದ ನನ್ನ ಪಾಲಿಗೆ ಬಂತು.

ಊಟದ ಹೊತ್ತಿಗೇ ನೋಡುತ್ತಿದ್ದೆವು. ಲಿಂಗಪೂಜೆ ಮುಗಿಸಿ ರೊಟ್ಟಿಗೆ ಕೈ ಹಾಕಿದ ಅಜ್ಜಿ, ಟಿವಿಯ ಅಮ್ಮ ತಟ್ಟೆಯ ಮುಂದೆ ಕಣ್ಣು ಮುಚ್ಚಿದರೆ ಕೈ ಹಿಂದಕ್ಕೆಳೆಯುತ್ತಿದ್ದಳು.

“ತಿನ್ನಬೇ ಅಜ್ಜಿ, ಪಲ್ಯ ಆರ್ತೈತಿ.”

“ತಡಿ. ಆಕಿ ಪೂಜಿ ಮುಗೀಲಿ.”

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು, ಸುಮ್ಮನಿರಲಾದೀತೇ? ಇಂಥ ಧಾರಾವಾಹಿಗಳಲ್ಲಿ ಏಸು ಎಂದರೆ ಅಮ್ಮನ ಕೈಗೆ ಕೊಟ್ಟ ಬೆತ್ತ, ಬರೆಯುವವರಿಗೆ ಸುಲಭದ ಜಗಳ, ಅದಕ್ಕಿಂತ ಹೆಚ್ಚೇನಿಲ್ಲ ಎಂದು ವಾದಿಸಿದೆ.

“ಪರದೇಶಕ್ಕ ಹೋದಾಕಿ ಗುಡಿ ಹೊತ್ಕೊಂಡು ಹೋಗಾಕ ಬರ್ತೈತೇನಲೇ? ಅಂಗೈಯಾಗ ಹಿಡಿಯೂವಷ್ಟು ಒಯ್ದಾಳ,” ಎಂದಳು ಅಜ್ಜಿ. ಅಷ್ಟಕ್ಕೇ ಬಿಡದೆ ಪಣವನ್ನೂ ಕಟ್ಟಿದಳು. “ಆ ಹುಡುಗಿ ಕಡೀಕೆ ಚರ್ಚಿಗೆ ಹೋದ್ಲಂದ್ರ, ನೀ ಹಣಿಗೆ ವಿಭೂತಿ ಹಚ್ಕೊಂಡು ನನ್ನ ಕೂಡ ಕುರುಗೋಡಿನ ಗುಡಿಗೆ ಬರಬೇಕು.”

“ಹೋಗ್ಲಿಲ್ಲಂದ್ರ?”

“ವಿಭೂತಿ ಸುದ್ದೀನ ಎತ್ತಂಗಿಲ್ಲ.”

ವಿಭೂತಿ ಹಚ್ಚಿಕೊಳ್ಳೆನೆಂದು ನಾನು ಹತ್ತನೇ ತರಗತಿಯಿಂದ ಅಜ್ಜಿಯೊಡನೆ ನಡೆಸಿಬಂದ ಯುದ್ಧ ಒಂದೇ ಏಟಿಗೆ ಮುಗಿಯುವುದಾದರೆ ಯಾರು ಬೇಡವೆನ್ನುತ್ತಾರೆ? ಒಪ್ಪಿಕೊಂಡೆ.

ಕೊನೆಯ ಕಂತಿನಲ್ಲಿ ಆ ದ್ರೋಹಿ ಹುಡುಗಿ ಹಿಮದಲ್ಲಿ ಓಡೋಡಿ ಚರ್ಚಿಗೆ ಹೋಗಿ ಅಮ್ಮನ ಪಕ್ಕ ಕುಳಿತಳು. ನನ್ನ ಹಣೆ ಬೆವರಿತು. ಅನುವಾದಕಿಯ ಅಧಿಕಾರ ಚಲಾಯಿಸಿದೆ: “ಅವರಮ್ಮ ಬೀಗದ ಕೈ ಮರ್ತು ಬಂದಿದ್ಲಂತಬೇ. ಕೊಡಾಕ ಬಂದಾಳ.”

“ಕೈ ಮುಗಿದದ್ದು ಕಾಣಂಗಿಲ್ಲೇನು ನನಗ? ಬ್ಯಾನಿ ಮೊಣಕಾಲಿಗೆ ಐತಿ, ಕಣ್ಣಿಗಲ್ಲ!”

ಸೋಮವಾರ ಹಣೆಯ ಮೇಲೆ ಮೂರು ಗೆರೆ ಹೊತ್ತು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೇಲ್ಮನವಿ ಸಲ್ಲಿಸಿದೆ: “ಆಕಿ ದೇವ್ರಿಗಂತ ಹೋಗಿಲ್ಲಬೇ, ಅವ್ವಗಂತ ಹೋದ್ಲು.”

“ಹೂಂ,” ಎಂದಳು ಅಜ್ಜಿ, ಕಿಟಕಿಯಾಚೆ ನೋಡುತ್ತ.

ಗುಡಿಯಲ್ಲಿ ದೊಡ್ಡ ಬಸವಣ್ಣನೆದುರು ಅವಳು ಬೇಡಿಕೊಂಡದ್ದು ಕೆನಡಾದ ಅಮ್ಮನ ಸಲುವಾಗಿ.

“ಆಕಿ ದೇವ್ರು ಬ್ಯಾರೆ ಅಜ್ಜಿ.”

“ಇರ್ಲೇಳು. ಎರಡು ಕಡಿ ಹೇಳಿಟ್ರ ತಪ್ಪೇನು?”

ಇದಕ್ಕೆ ಖಂಡನೆ ಸಿದ್ಧಪಡಿಸುತ್ತಿದ್ದೆ. ಅಷ್ಟರಲ್ಲಿ ಮೊಣಕಾಲು ಊರಲಾಗದೆ ಅಜ್ಜಿ ನನ್ನ ಭುಜ ಹಿಡಿದಳು. ಅವಳ ಜೊತೆ ನಾನೂ ಬಗ್ಗಬೇಕಾಯಿತು.