ಢಂ ಕ್ವಾಂಗನ ಮಗಳ ಇಂಗ್ಲಿಷ್ ಪರೀಕ್ಷೆ

ನಮ್ಮ ಬೀದಿಗೆ ಬಂದು ಕ್ವಾಂಗ್ ಪೈಶೆಂಗ್ ಎಲ್ಲಿ ಅಂತ ಕೇಳಿದರೆ ಯಾರೂ ಹೇಳಲಾರರು. ಢಂ ಕ್ವಾಂಗ್ ಎಲ್ಲಿ ಅಂತ ಕೇಳಿ, ಹಾಲು ಕುಡಿಯುವ ಮಗುವೂ ಕೈ ತೋರಿಸುತ್ತದೆ. ಅಕ್ಕಿ, ಜೋಳ ಸಿಡಿಸಿ ಕೊಡುವುದು ಅವನ ಕಸುಬು. ಹೊಟ್ಟೆ ಉಬ್ಬಿದ ಕಬ್ಬಿಣದ ಪಾತ್ರೆಗೆ ಅಕ್ಕಿ ತುಂಬಿ, ಮುಚ್ಚಳ ಬಿಗಿದು, ಇದ್ದಿಲ ಬೆಂಕಿಯ ಮೇಲೆ ತಿರುಗಿಸುತ್ತಾ ಕೂರುತ್ತಾನೆ. ಹದಕ್ಕೆ ಬಂತು ಅನ್ನಿಸಿದಾಗ ಅದರ ಬಾಯಿಗೆ ಉದ್ದನೆಯ ಗೋಣಿಚೀಲ ಹಿಡಿಸಿ, "ಸಿಡೀತೂ!" ಅಂತ ಒಮ್ಮೆ ಕೂಗಿ, ಮುಚ್ಚಳಕ್ಕೆ ಕಾಲಿನಿಂದ ಒಂದು ಒದೆ ಕೊಡುತ್ತಾನೆ. ಢಂ! ಚೀಲದ ತುಂಬ ಮಲ್ಲಿಗೆಯಂಥ ಅರಳು. ನನ್ನ ಶಾವಿಗೆ ಅಂಗಡಿ ಅವನ ಗಾಡಿಗೆ ಎದುರು. ಆ ಸದ್ದಿಗೆ ನನ್ನ ಗಂಡ ಬದುಕಿರುವ ತನಕ ಅವನನ್ನು ಬೈದ. ಅವನು ಹೋದ ಮೇಲೆ ಬೈಯುವ ಕೆಲಸ ನನ್ನ ಪಾಲಿಗೆ ಬಂತು.

ಕ್ವಾಂಗನ ಹೆಂಡತಿ ಡೊಂಗ್‌ಗುವಾನಿನ ಚಪ್ಪಲಿ ಕಾರ್ಖಾನೆಯಲ್ಲಿ ದುಡಿಯುತ್ತಾಳೆ, ಹೊಸ ವರ್ಷಕ್ಕೆ ಮಾತ್ರ ಊರಿಗೆ ಬರುತ್ತಾಳೆ. ಮಗಳು ರುಯ್‌ಲಾನ್ ಅಂಬೆಗಾಲಿಡುವ ಕಾಲದಿಂದಲೂ ಅಪ್ಪನ ಗಾಡಿಯ ಪಕ್ಕದಲ್ಲೇ ಬೆಳೆದದ್ದು. ಸ್ವಲ್ಪ ದೊಡ್ಡವಳಾದ ಮೇಲೆ ಚೀಲದ ಬಾಯಿ ಹಿಡಿಯುವ ಕೆಲಸ ಅವಳದಾಯಿತು. ಅಪ್ಪ ಕೂಗಿದ ಕೂಡಲೇ ಬೀದಿಯ ಮಕ್ಕಳೆಲ್ಲ ಎರಡೂ ಕಿವಿ ಮುಚ್ಚಿಕೊಂಡು ಓಡುತ್ತಿದ್ದವು. ರುಯ್‌ಲಾನಳ ಎರಡೂ ಕೈ ಚೀಲದ ಮೇಲಿರುತ್ತಿದ್ದವು. ಅಷ್ಟು ಪುಟ್ಟ ಹುಡುಗಿ ಅಪ್ಪನಿಗೆ ಆಸರೆಯಾಗಿದ್ದಾಳೆ ಅಂತ ಹೊಗಳಿದವರೇ ಎಲ್ಲ.

ಹಿಂದಿನಿಂದ ಕರೆದರೆ ತಿರುಗಿ ನೋಡುತ್ತಿರಲಿಲ್ಲ ಅವಳು. ಜಂಬ ಅಂದರು. ಮಾತಾಡುವಾಗ ಮುಖವನ್ನೇ ದಿಟ್ಟಿಸುತ್ತಿದ್ದಳು. ಮರ್ಯಾದೆ ಇಲ್ಲ ಅಂದರು. ನಮ್ಮ ಜನಕ್ಕೆ ಹೆಸರಿಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಓದಿನಲ್ಲಿ ಗಟ್ಟಿ, ಅದರಲ್ಲೂ ಇಂಗ್ಲಿಷ್ ಅಂದರೆ ಜೀವ. ನನ್ನ ಅಂಗಡಿಗೆ ಬರುವ ಬಿಸ್ಕತ್ತಿನ ಪೆಟ್ಟಿಗೆ, ಔಷಧಿ ಡಬ್ಬಿ, ಯಾವುದನ್ನೂ ಓದದೆ ಬಿಡುತ್ತಿರಲಿಲ್ಲ. ಚಾಂಗ್‌ಷಾದ ಟೀಚರುಗಳ ಕಾಲೇಜಿಗೆ ಸೇರಬೇಕು, ಇಂಗ್ಲಿಷ್ ಟೀಚರ್ ಆಗಬೇಕು, ಅದೊಂದೇ ಆಸೆ. ಅದಕ್ಕೆ ದೊಡ್ಡ ಪರೀಕ್ಷೆಯ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಬೇಕೇ ಬೇಕು. ಆ ಪತ್ರಿಕೆಯಲ್ಲಿ ಮೊದಲು ಕಿವಿಯಿಂದ ಕೇಳಿ ಉತ್ತರಿಸುವ ಭಾಗ, ಆಮೇಲೆ ಓದಿ ಉತ್ತರಿಸುವ ಭಾಗ.

ಶಾಲೆ ನಮ್ಮ ಬೀದಿಯಲ್ಲೇ. ಅವಳ ಇಂಗ್ಲಿಷ್ ಟೀಚರ್ ಷೆನ್ ಮಧ್ಯಾಹ್ನದ ಊಟಕ್ಕೆ ನನ್ನ ಅಂಗಡಿಗೇ ಬರುತ್ತಿದ್ದಳು. ಚಳಿಗಾಲದ ಒಂದು ದಿನ ಶಾವಿಗೆ ಬಟ್ಟಲು ಮುಂದಿಟ್ಟುಕೊಂಡವಳು ತಿನ್ನದೆ ಕ್ವಾಂಗನನ್ನು ಕರೆದಳು.

"ಕ್ವಾಂಗ್ ಅವರೇ, ನಿಮ್ಮ ಮಗಳು ಓದೋ ಭಾಗದಲ್ಲಿ ಇಡೀ ಸ್ಕೂಲಿಗೇ ಮೊದಲು. ಕೇಳೋ ಭಾಗದಲ್ಲಿ, ಕಣ್ಮುಚ್ಕೊಂಡು ಗುರುತು ಹಾಕೋರಿಗೂ ಅವಳಿಗಿಂತ ಜಾಸ್ತಿ ಬರುತ್ತೆ."

"ಸೋಮಾರಿತನ ಮೇಡಂ. ನಾಲ್ಕು ಬಾರಿಸಿ, ಸರಿ ಹೋಗ್ತಾಳೆ" ಅಂದ ಕ್ವಾಂಗ್.

"ಸೋಮಾರಿ ಅಲ್ಲ. ಕರೀರಿ ಅವಳನ್ನ."

ರುಯ್‌ಲಾನ್ ಬಂದು ನಿಂತಳು. ಟೀಚರ್ ಇಂಗ್ಲಿಷಿನಲ್ಲಿ ಏನೋ ಕೇಳಿದಳು, ಹುಡುಗಿ ಪಟಪಟನೆ ಉತ್ತರ ಕೊಟ್ಟಳು. ಇನ್ನೊಂದು ಕೇಳಿದಳು, ಅದಕ್ಕೂ ಕೊಟ್ಟಳು. ಕ್ವಾಂಗನ ಮುಖ ಅರಳಿತು. ಆಗ ಟೀಚರ್ ನನ್ನ ತಿಂಡಿಪಟ್ಟಿಯ ರಟ್ಟನ್ನು ಎತ್ತಿ ತನ್ನ ಬಾಯಿಗೆ ಅಡ್ಡ ಹಿಡಿದು, ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳಿದಳು. ರುಯ್‌ಲಾನ್ ಮುಂದಕ್ಕೆ ಬಾಗಿದಳು. ರಟ್ಟನ್ನೇ ನೋಡಿದಳು. ಆಮೇಲೆ, ಏನೂ ತಿಳಿಯದವರು ನಗುತ್ತಾರಲ್ಲ, ಹಾಗೆ ಸಣ್ಣಗೆ ನಕ್ಕಳು.

"ನಮ್ಮ ತುಟಿ ನೋಡ್ಕೊಂಡು ಇಷ್ಟು ವರ್ಷ ಕಳೆದುಬಿಟ್ಟಿದಾಳೆ" ಅಂದಳು ಷೆನ್. "ಪರೀಕ್ಷೆಯಲ್ಲಿ ಗೋಡೆ ಮೇಲಿನ ಸ್ಪೀಕರಿಂದ ಬರುತ್ತೆ. ಸ್ಪೀಕರಿಗೆ ತುಟಿ ಎಲ್ಲಿದೆ?"

ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿಸಿದರು. ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಅರೆಬರೆ. ಡಾಕ್ಟರು ಕೇಳಿದರಂತೆ, ಚಿಕ್ಕಂದಿನಲ್ಲಿ ಇವಳ ಹತ್ತಿರ ದೊಡ್ಡ ಸದ್ದೇನಾದರೂ ಆಗುತ್ತಿತ್ತಾ, ಮನೆ ಪಟಾಕಿ ಕಾರ್ಖಾನೆಯ ಪಕ್ಕದಲ್ಲಿತ್ತಾ ಅಂತ. ಇಲ್ಲ ಅಂದನಂತೆ ಕ್ವಾಂಗ್. ಹಾಗೆ ಹೇಳಿ ಬಂದೆ ಅತ್ತಿಗೆ ಅಂತ ನನ್ನ ಮುಂದೆ ಕೂತು ಅತ್ತ. ಮರುದಿನದಿಂದ ಅವನ ಗಾಡಿಯಲ್ಲಿ ಸುಟ್ಟ ಗೆಣಸು. ಕಬ್ಬಿಣದ ಪಾತ್ರೆ ಮನೆಯ ಹಿಂದೆ ಮಳೆಗೆ ಬಿತ್ತು. ನಮ್ಮ ಬೀದಿ ತಣ್ಣಗಾಯಿತು, ನನಗೆ ಮಾತ್ರ ಆ ತಣ್ಣಗಿರುವುದು ಒಂದು ದಿನವೂ ಹಿಡಿಸಲಿಲ್ಲ.

ಷೆನ್ ಟೀಚರ್ ದಾರಿಯೊಂದನ್ನು ಹೇಳಿದಳು. ಅಂಗವಿಕಲರ ಕಾರ್ಡ್ ಮಾಡಿಸಿದರೆ ಕೇಳುವ ಭಾಗದಿಂದ ರಿಯಾಯಿತಿ ಸಿಗುತ್ತದೆ, ಉಳಿದದ್ದರ ಲೆಕ್ಕದಲ್ಲಿ ಅಂಕ ಕೊಡುತ್ತಾರೆ. ಕೇಳಿದ ಕೂಡಲೇ ಕ್ವಾಂಗನ ತಾಯಿ ಊರುಗೋಲು ಕುಟ್ಟಿದಳು.

"ಕಾರ್ಡಂತೆ ಕಾರ್ಡು! ಹುಡುಗಿ ಹಣೆ ಮೇಲೆ ಕಿವುಡಿ ಅಂತ ಬರೆಸ್ಕೊಂಡು ಬರ್ತೀಯೇನೋ? ನಾಳೆ ಯಾವೋನು ಮದ್ವೆ ಆಗ್ತಾನೆ?"

ಮುದುಕಿಯ ಮಾತಾದರೆ ಹಾಗಿರಲಿ. ರುಯ್‌ಲಾನ್ ಕೇಳಿದ್ದೇ ಬೇರೆ. "ಟೀಚರ್, ಆ ಕಾರ್ಡ್ ಇರೋರನ್ನ ಟೀಚರ್ ಮಾಡ್ತಾರಾ?"

ಷೆನ್ ವಿಚಾರಿಸಿದಳು. ಒಂದು ಕಚೇರಿಯವರು ತೊಂದರೆಯಿಲ್ಲ ಅಂದರು. ಇನ್ನೊಂದು ಕಚೇರಿಯವರು ದೇಹಪರೀಕ್ಷೆಯಲ್ಲೇ ವಾಪಸು ಕಳಿಸುತ್ತಾರೆ ಅಂದರು. ಮೂರನೆಯವರು ಫೋನೇ ಎತ್ತಲಿಲ್ಲ. ಕಾರ್ಡ್ ಇದ್ದರೆ ಪರೀಕ್ಷೆ ದಾಟಬಹುದು, ಆಚೆಯ ಬಾಗಿಲು ಮುಚ್ಚಬಹುದು. ಕಾರ್ಡ್ ಇಲ್ಲದಿದ್ದರೆ ಆ ಬಾಗಿಲ ತನಕ ಹೋಗುವುದೇ ಅನುಮಾನ. ಅತ್ತ ದರಿ ಇತ್ತ ಪುಲಿ ಅನ್ನುವುದು ಇದಕ್ಕೇ. ಹೀಗೆ ಮಾಡೋಣವೇ ಹಾಗೆ ಮಾಡೋಣವೇ ಅಂತ ತೂಗುತ್ತಾ ಕೂತವರಿಗೆ ಅರ್ಜಿ ಹಾಕುವ ಗಡುವು ದಾಟಿದ್ದೇ ಗೊತ್ತಾಗಲಿಲ್ಲ.

ಆಗ ಕ್ವಾಂಗ್ ಚಾಂಗ್‌ಷಾಕ್ಕೆ ಹೋಗಿ ಕಿವಿಗೆ ಹಾಕುವ ಯಂತ್ರ ತಂದ. ಹುರಿದ ಕಡಲೆಯಷ್ಟು ದೊಡ್ಡದು. ರುಯ್‌ಲಾನ್ ಅದನ್ನು ಹಾಕಿಕೊಂಡು ನನ್ನ ಅಂಗಡಿಗೆ ಬಂದಳು, ನಾನು ಬಾಣಲೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದೆ.

"ದೊಡ್ಡಮ್ಮ, ನಿಮ್ಮ ಬಾಣಲೆ ಇಷ್ಟೊಂದು ಮಾತಾಡುತ್ತಾ?"

"ನಿನ್ನ ಅಜ್ಜಿಯಷ್ಟು ಆಡಲ್ಲ ಬಿಡು" ಅಂದೆ ನಾನು. ಬೆನ್ನು ತಿರುಗಿಸಿಕೊಂಡೇ ಅಂದಿದ್ದೆ. ಅವಳು ಗಟ್ಟಿಯಾಗಿ ನಕ್ಕಳು. ಆ ನಗು ಕೇಳಿ ಕ್ವಾಂಗ್ ಗೆಣಸು ಸೀಯುವುದನ್ನೂ ಮರೆತು ಬೀದಿಯ ಆಚೆ ಬದಿಯಲ್ಲಿ ನಿಂತಿದ್ದ. ಅಲ್ಲಿಂದ ಪರೀಕ್ಷೆಯ ತನಕ ದಿನವೂ ಸಂಜೆ ಷೆನ್ ಟೀಚರ್ ಫೋನಿನಲ್ಲಿ ಇಂಗ್ಲಿಷ್ ಸಂಭಾಷಣೆ ಹಚ್ಚುವಳು, ಹುಡುಗಿ ಕಣ್ಣು ಮುಚ್ಚಿಕೊಂಡು ಉತ್ತರ ಹೇಳುವಳು. ಹತ್ತಕ್ಕೆ ಎಂಟು ಸರಿ ಬರತೊಡಗಿತು.

ಆದರೆ ಷೆನ್‌ಗೆ ಇನ್ನೊಂದು ಚಿಂತೆ ಇತ್ತು. "ಕ್ವಾಂಗ್ ಅವರೇ, ಇದನ್ನ ಪರೀಕ್ಷೆಗೆ ಹಾಕ್ಕೊಂಡು ಹೋಗೋಕೆ ಅಪ್ಪಣೆ ಬೇಕು. ನಾನು ಬರೆದು ಕೇಳಿದೆ. ಕಾರ್ಡ್ ಇಲ್ದೆ ಅಪ್ಪಣೆ ಇಲ್ಲ ಅಂದುಬಿಟ್ರು."

"ನೀವು ಸುಮ್ನಿರಿ ಮೇಡಂ. ಸ್ಕೂಲ್ ಗೇಟ್ ಕಾಯೋ ಪೆಂಗ್ ನಮ್ಮೋನೇ. ಅವನ ಮದ್ವೆಗೆ ಅರಳುಂಡೆ ಕೊಟ್ಟೋನು ನಾನು. ಕೂದ್ಲು ಕೆಳಗಿರೋದನ್ನ ಯಾರು ನೋಡ್ತಾರೆ?"

ಇದು ನಮ್ಮೂರಿನ ಹಳೆಯ ರೋಗ. ಕಾನೂನು ಎಷ್ಟೇ ಇರಲಿ, ಗೇಟಿನಲ್ಲಿ ಗುರುತಿನವನಿದ್ದರೆ ಸಾಕು ಅನ್ನುವ ನಂಬಿಕೆ. ಕ್ವಾಂಗ್ ಪೆಂಗನಿಗೆ ಎರಡು ಪ್ಯಾಕ್ ಒಳ್ಳೆಯ ಸಿಗರೇಟು ಕೊಟ್ಟು ಬಂದ. ಪೆಂಗ್ ಕಿಸೆಗೆ ಹಾಕಿಕೊಂಡು "ನಾನಿದೀನಿ ಹೋಗು" ಅಂದ.

ಪರೀಕ್ಷೆಯ ದಿನ ಬಂತು. ಆ ದಿನಗಳಲ್ಲಿ ನಮ್ಮೂರನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ತಾಯಂದಿರೆಲ್ಲ ಶುಭವಾಗಲೆಂದು ಕೆಂಪು ಉಡುಪು ಬಿಗಿದುಕೊಂಡು ಗೇಟಿನ ಮುಂದೆ ಸೂರ್ಯಕಾಂತಿ ಹಿಡಿದು ನಿಂತಿದ್ದರು. ಉಸಿರಾಡಿದರೆ ಎಲ್ಲಿ ಹೊಲಿಗೆ ಬಿಡುತ್ತದೋ ಅನ್ನುವಂತಿತ್ತು ಕೆಲವರ ಪಾಡು. ಇಂಗ್ಲಿಷಿನ ಮಧ್ಯಾಹ್ನವಂತೂ ಇನ್ನೂ ಬಿಗಿ. ಮಕ್ಕಳಿಗೆ ಸ್ಪೀಕರ್ ಚೆನ್ನಾಗಿ ಕೇಳಿಸಲಿ ಅಂತ ಬಸ್ಸುಗಳನ್ನು ಬೇರೆ ದಾರಿಗೆ ತಿರುಗಿಸಿದ್ದರು. ಬಿಲ್ಲೆ ಕುಟ್ಟಿ ಮಾಜಾಂಗ್ ಆಡುವವರ ಅಂಗಡಿಗೆ ಬೀಗ. ಶಾಲೆಯ ಕೊಳದ ಕಪ್ಪೆಗಳನ್ನು ಕೂಡ ಹಿಂದಿನ ದಿನವೇ ಬಲೆ ಹಾಕಿ ಹಿಡಿದು ನದಿಗೆ ಬಿಟ್ಟು ಬಂದಿದ್ದರು. ನನಗೆ ಬಾಣಲೆ ಮುಟ್ಟಬೇಡ ಅಂತ ಪೊಲೀಸಿನವನು ಹೇಳಿ ಹೋಗಿದ್ದ.

ರುಯ್‌ಲಾನ್ ಕೂದಲು ಇಳಿಬಿಟ್ಟುಕೊಂಡು ಒಳಗೆ ಹೋದಳು. ಗೇಟಿನಲ್ಲಿ ಪೆಂಗ್ ಇದ್ದ, ಬೇರೆ ಕಡೆ ನೋಡುತ್ತಾ ನಿಂತುಬಿಟ್ಟ. ಕ್ವಾಂಗ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ, ನೋಡಿದೆಯಾ ಅನ್ನುವ ಹಾಗೆ.

ಸ್ವಲ್ಪ ಹೊತ್ತಿಗೆ, ಮಕ್ಕಳನ್ನು ಕೊಠಡಿಗೆ ಬಿಡಲು ಹೋಗಿದ್ದ ಷೆನ್ ಟೀಚರ್ ಆ ಬಿಸಿಲಲ್ಲಿ ಓಡುತ್ತಾ ಹೊರಗೆ ಬಂದಳು. ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಆ ಯಂತ್ರ.

"ಕೊಠಡಿ ಬಾಗ್ಲಲ್ಲಿ ಲೋಹ ಹಿಡಿಯೋ ಕೋಲು ಸವರಿದ್ರು, ಅದು ಕೂಗ್ತು. ಅಲ್ಲಿರೋರೆಲ್ಲ ಬೇರೆ ತಾಲ್ಲೂಕಿನೋರು. ನಾನು ಕಾಲಿಗೆ ಬೀಳೋದೊಂದು ಬಾಕಿ. ಅವರು ಬೈಯಲೂ ಇಲ್ಲ ಕ್ವಾಂಗ್ ಅವರೇ. ಪಾಪ ಹುಡುಗಿ, ಇದನ್ನ ತೆಗೆದಿಟ್ಟು ಬರೀಲಿ, ತಪ್ಪು ಅಂತ ಬರ್ಕೊಳ್ಳಲ್ಲ ಅಂದ್ರು. ಅದೇ ದೊಡ್ಡ ಉಪಕಾರ ಅಂತೆ."

ಕ್ವಾಂಗ್ ಅದನ್ನು ಹಿಡಿದುಕೊಂಡು ಗೇಟಿನ ಕಡೆ ನುಗ್ಗಿದ. "ನನ್ನ ಮಗಳಿಗೆ..." ಅಂತ ಬಾಯಿ ತೆರೆದದ್ದೇ ತಡ, ಕೆಂಪು ಉಡುಪಿನ ತಾಯಂದಿರೆಲ್ಲ ಒಟ್ಟಿಗೆ "ಶ್!" ಅಂದರು. ಪೊಲೀಸಿನವನು ಓಡಿ ಬಂದು ತುಟಿಯ ಮೇಲೆ ಬೆರಳಿಟ್ಟ. "ಅಣ್ಣ, ಒಳಗೆ ಮಕ್ಕಳಿದಾರೆ. ಎಲ್ಲರ ಜೀವನದ ಪ್ರಶ್ನೆ" ಅಂತ ಪಿಸುಗುಟ್ಟಿದ. ಅವನ ಮಾತೂ ಸುಳ್ಳಲ್ಲ. ಕ್ವಾಂಗ್ ಕೂಗಿದ್ದರೆ ಬೇರೆಯವರ ಮಕ್ಕಳಿಗೆ ಕೇಳಿಸುವುದು ತಪ್ಪುತ್ತಿತ್ತು. ನ್ಯಾಯ ಕೇಳುವುದಕ್ಕೂ ಸದ್ದು ಬೇಕಲ್ಲ, ಅವನಿಗೆ ಅದೂ ಇರಲಿಲ್ಲ. ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ.

ಮುಷ್ಟಿಯೊಳಗಿದ್ದ ಯಂತ್ರ ಕುಂಯ್ ಅಂತ ಕೂಗತೊಡಗಿತು. ಕೈಯಲ್ಲಿ ಬಿಗಿಯಾಗಿ ಹಿಡಿದರೆ ಅದು ಹಾಗೆ ಕೂಗುತ್ತದೆ. "ಆರಿಸ್ರೀ ಅದನ್ನ!" ಅಂದಳೊಬ್ಬಳು ಹಲ್ಲು ಕಚ್ಚಿಕೊಂಡು. ಅವನಿಗೆ ಆರಿಸಲು ಬಾರದು, ಅದೆಲ್ಲ ಮಗಳೇ ಮಾಡಿಕೊಳ್ಳುತ್ತಿದ್ದಳು. ಅಂಗಿಯೊಳಗೆ ಸೇರಿಸಿದ, ಕಂಕುಳಲ್ಲಿ ಒತ್ತಿದ, ಬೆವರು ಕಿತ್ತುಕೊಂಡು ಬಂತು ಅವನಿಗೆ. ಕೊನೆಗೆ ನಾನೇ ಕಿತ್ತುಕೊಂಡು ಉಗುರಿನಿಂದ ಅದರ ಸೆಲ್ ತೆಗೆದೆ. ಆ ತಾಯಂದಿರ ಮೇಲೆ ಬಂದ ಸಿಟ್ಟಿಗೆ ಅವರ ಸೂರ್ಯಕಾಂತಿಯನ್ನೆಲ್ಲ ಒಲೆಗೆ ಹಾಕಬೇಕು ಅನ್ನಿಸಿತು. ಆದರೆ ನನ್ನ ಮಗನ ಪರೀಕ್ಷೆಯ ಕಾಲಕ್ಕೆ ನಾನು ಅಲ್ಲೇ ನಿಂತವಳು, ನಾನೂ ಶ್ ಅಂದೇ ಇರುತ್ತೇನೆ.

ಅಷ್ಟರಲ್ಲಿ ಶುರುವಾಯಿತು. ಗಾಳಿಯೂ ಇಲ್ಲ, ಹಕ್ಕಿಯೂ ಇಲ್ಲ, ಅಂಥ ಬೀದಿಗೆ ಶಾಲೆಯ ಸ್ಪೀಕರಿನ ಇಂಗ್ಲಿಷ್ ಗೋಡೆ ದಾಟಿ ಬಂತು. ಒಬ್ಬ ಹೆಂಗಸು, ಆಮೇಲೆ ಒಬ್ಬ ಗಂಡಸು. ಒಂದೊಂದು ಮಾತೂ ನೀರಿನ ಹಾಗೆ ತಿಳಿ. ನನಗೆ ಕೇಳಿಸಿತು, ಪೊಲೀಸಿನವನಿಗೆ ಕೇಳಿಸಿತು, ಗೆಣಸಿನ ಗಾಡಿಯ ಪಕ್ಕ ನಿಂತ ಕ್ವಾಂಗನಿಗೆ ಕೇಳಿಸಿತು. ಅದರಲ್ಲಿ ಒಂದಕ್ಷರ ತಿಳಿಯದ ನಮಗೆಲ್ಲ ಕೇಳಿಸಿತು. ಪ್ರತಿ ಮಾತೂ ಅರ್ಥವಾಗುವ ಹುಡುಗಿ ಒಳಗೆ ಗೋಡೆಯ ಮೇಲಿನ ಪೆಟ್ಟಿಗೆಯನ್ನು ನೋಡುತ್ತಾ ಕೂತಿದ್ದಳು. ಕ್ವಾಂಗ್ ಕಣ್ಣು ಮಿಟುಕಿಸದೆ ಕೇಳುತ್ತಿದ್ದ. ತುಟಿ ಅಲುಗುತ್ತಿತ್ತು. ಏನೋ ಜಪ ಮಾಡುತ್ತಿದ್ದಾನೆ ಅಂದುಕೊಂಡೆ.

ಪರೀಕ್ಷೆ ಮುಗಿದು ಮಕ್ಕಳು ಕೂಗಾಡುತ್ತಾ ಹೊರಗೆ ಬಂದರು. ಮುಗಿದ ಪತ್ರಿಕೆಯ ಮಾತು ಎತ್ತಬಾರದು ಅನ್ನುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ ನೇಮ. ಹಾಗಾಗಿ ಯಾರೂ ಏನೂ ಕೇಳಲಿಲ್ಲ. ರುಯ್‌ಲಾನ್ ಬಂದು ಅಪ್ಪನ ಎದುರು ನಿಂತಳು. ಕಣ್ಣು ಒಣಗಿತ್ತು. ಕೇಳಿದ್ದು ಅವಳೇ.

"ಅಪ್ಪ, ಹೊರಗಡೆ ಕೇಳಿಸ್ತಾ?"

"ಕೇಳಿಸ್ತು ಮಗಳೇ. ಚೆನ್ನಾಗಿ ಕೇಳಿಸ್ತು."

"ಏನ್ ಹೇಳಿದ್ರು?"

"ಮೊದ್ಲು ಒಬ್ಳು ಹೆಂಗ್ಸು ಮಾತಾಡಿದ್ಲು. ಅವಳಿಗೆ ಏನೋ ಬೇಕಾಗಿತ್ತು ಅನ್ಸುತ್ತೆ. ಆಮೇಲೆ ಗಂಡ್ಸು. ಅವನು ಕೊಡಲ್ಲ ಅಂದ ಹಾಗಿತ್ತು."

"ಏನ್ ಬೇಕಾಗಿತ್ತಪ್ಪ ಅವಳಿಗೆ?"

ಅವನು ಬಾಯಿ ತೆರೆದು, ಸ್ಪೀಕರಿನಿಂದ ಕೇಳಿ ಅಲ್ಲಿ ಹಿಡಿದಿಟ್ಟುಕೊಂಡಿದ್ದ ಸದ್ದುಗಳನ್ನು ಒಂದೊಂದಾಗಿ ಹೊರಗೆ ಬಿಡಲು ನೋಡಿದ. ಇಂಗ್ಲಿಷೂ ಅಲ್ಲ, ನಮ್ಮ ಮಾತೂ ಅಲ್ಲ. ಅರ್ಧಕ್ಕೇ ನಿಂತ. ಮರೆತುಹೋಗಿತ್ತು.

"ಇನ್ನೊಂದ್ಸಲ ಹೇಳಪ್ಪ" ಅಂದಳು ಅವಳು, ಅಪ್ಪನ ತುಟಿಯನ್ನೇ ನೋಡುತ್ತಾ. "ನಿಧಾನವಾಗಿ ಹೇಳು."

ಅವನು ಮೊದಲಿನಿಂದ ಶುರುಮಾಡಿದ.