ಅಪ್ಪ ಹೇಳಿದ ಧ್ಯಾನದ ಹೊತ್ತು

ಉಗಾರದಾಗ ಕಬ್ಬಿನ ಸೀಸನ್ ಸುರು ಆಗೇತಿ. ಮುಂಜಾನಿ ಕಿಟಕಿ ತೆರೆದ್ರ ಕಾಕಂಬಿ ವಾಸನಿ. ಅಪ್ಪನ ಅಂಗಿಗೂ ಇದೇ ವಾಸನಿ ಇರ್ತಿತ್ತು.

ಫ್ಯಾಕ್ಟರಿಯ ರಾತ್ರಿಪಾಳಿ ಮುಗಿಸಿ ಬಂದು, ಜಳಕ ಮಾಡಿ, ಬುದ್ಧನ ಫೋಟೋ ಮುಂದ ಕಣ್ಣು ಮುಚ್ಚಿ ಕೂಡ್ತಿದ್ದ. ತೊಡಿ ಮ್ಯಾಲ, ಇನ್ನೂ ಸಾಲಿ ಸೇರದ ನನ್ನ ತಮ್ಮ. ಅವ ಅಲುಗಾಡದಂಗ ಕೂಡ್ತಿದ್ದ. ನನಗ ಅದೇ ಹೊಟ್ಟಿಕಿಚ್ಚು. ಒಂದಿನ ಅವನ ಕಾಲು ಚಿವುಟಿದೆ. ಚೀರಿದ. ಅಪ್ಪ ಕಣ್ಣು ತೆರೀದನ ಅವನ ಬೆನ್ನು ಸವರಿದ.

ನಾನೂ ಜೋಡಿ ಕೂಡಬೇಕಂತ ಮರುದಿನ ಕೇಳಿದೆ: "ಅಪ್ಪಾ, ಧ್ಯಾನಕ್ಕ ಯಾವ ಹೊತ್ತು ಚಲೋ?"

"ನೀ ಸಾಲಿಗೆ ಹೋದ ಮ್ಯಾಲ ನೋಡವ್ವಾ," ಅಂದ.

ಇವತ್ತು ಮಗಳು ಸಾಲಿಗೆ ಹೋದ ಮ್ಯಾಲ ನಾನೂ ಕಣ್ಣು ಮುಚ್ಚಿ ಕೂತೆ. ಮನಿ ಶಾಂತ ಇತ್ತು. ಮುಚ್ಚಿದ ಕಣ್ಣೊಳಗ ತಮ್ಮ ಇನ್ನೂ ಅಪ್ಪನ ತೊಡಿ ಮ್ಯಾಲೇ ಕೂತಿದ್ದ.