ಮಗಳ ನಿಕಾಹಿಗೆ ಹೋಗದ ಕಾಕ

ಪುಂಜಾಲಕಟ್ಟೆಯಲ್ಲಿ ನಮ್ಮ ನೆರೆಮನೆಯ ಕಾಕ ಗಲ್ಫಿನಿಂದ ರಜೆಗೆ ಬಂದರೆ ಊರಿನ ಯಾವ ಮದುವೆಯಲ್ಲೂ ಸುಮ್ಮನೆ ಕೂತವರಲ್ಲ. ಅಂಗಿಯ ತೋಳು ಮಡಚಿಕೊಂಡು ಬಡಿಸಲು ನಿಲ್ಲುತ್ತಿದ್ದರು. ‘ಇನ್ನೂ ಉಂಟು, ತಿನ್ನಿ’ ಎನ್ನುವುದೇ ಅವರ ಮಾತು.

ಒಬ್ಬಳೇ ಮಗಳ ನಿಕಾಹಿನ ಹಿಂದಿನ ದಿನ ಅವರಿಗೆ ಜ್ವರ ಬಂತು. ಕಿವಿಯ ಬುಡದಿಂದ ದವಡೆಯವರೆಗೆ ಕೆನ್ನೆ ಊದಿತು. ಜಗಿದರೆ ನೋವು. ನಾನೇ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ.

‘ಮಂಗನಬಾವು’ ಎಂದರು ಡಾಕ್ಟರು. ‘ಇದಕ್ಕೆಂದೇ ಬೇರೆ ಮದ್ದಿಲ್ಲ. ಜ್ವರದ ಮಾತ್ರೆ ಕೊಡ್ತೇನೆ. ಗಂಜಿ ಕುಡಿಯಿರಿ, ನೀರು ಜಾಸ್ತಿ ಕುಡಿಯಿರಿ, ಹುಳಿ ಬೇಡ. ಐದು ದಿನ ಬೇರೆ ಕೋಣೆಯಲ್ಲಿರಿ. ಚಿಕ್ಕಂದಿನಲ್ಲಿ ಲಸಿಕೆ ಹಾಕಿಸಿದ್ದರೆ ಬಹುಶಃ ಬರುತ್ತಿರಲಿಲ್ಲ.’

ಮನೆಗೆ ಬಂದಾಗ ಅವರ ಅಣ್ಣ ಅಂಗಳದಲ್ಲೇ ಹೇಳಿದರು, ‘ಶಾಲು ಸುತ್ತಿಕೊಂಡು ಬಾ ಮಾರಾಯ. ಯಾರಿಗೂ ಕಾಣುವುದಿಲ್ಲ.’

‘ಬಾವು ಕಾಣಲಿಕ್ಕಿಲ್ಲ. ಆದರೆ ನಾನು ಕೆಮ್ಮಿದರೆ ಹರಡುತ್ತದಲ್ಲ? ಹಾಲ್ ತುಂಬ ಮಕ್ಕಳಿರ್ತಾರೆ. ನನ್ನ ಬದಲು ನೀವೇ ನಿಕಾಹ್ ಮಾಡಿಕೊಡಿ’ ಎಂದ ಕಾಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಹೊರಡುವಾಗ, ಅಪ್ಪನನ್ನು ‘ಅಬ್ಬ’ ಎಂದು ಕರೆಯುವ ಮದುಮಗಳು ಅವರ ಕಿಟಕಿಯಿಂದ ದೂರದಲ್ಲಿ ನಿಂತು ಅತ್ತಳು. ‘ಅಬ್ಬ, ನೀವಿಲ್ಲದೆ ಹೇಗೆ ಹೋಗಲಿ?’

ಕಾಕನಿಗೆ ಬಾಯಿ ತೆರೆದರೂ ನೋವು. ಆದರೂ ಒಂದು ಮಾತು ಹೇಳಿದರು. ‘ಹೋಗಿ ಬಾ ಮಗಳೇ. ಮುಂದೆ ನಿನ್ನ ಮಕ್ಕಳಿಗೆ ಮಾತ್ರ ಇದರ ಲಸಿಕೆ ತಪ್ಪಿಸಬೇಡ.’

ಅಳುತ್ತಿದ್ದ ಹುಡುಗಿ ನಕ್ಕುಬಿಟ್ಟಳು. ಕಾಕ ಎರಡೂ ಕೈ ಎತ್ತಿ ಮಗಳ ಒಳಿತಿಗಾಗಿ ದುಆ ಮಾಡತೊಡಗಿದರು. ಕಾರು ತಿರುವು ದಾಟಿ ಮರೆಯಾದ ಮೇಲೂ ಆ ಕೈಗಳು ಇಳಿಯಲಿಲ್ಲ.